ದೋಷಾರೋಪ ಪಟ್ಟಿಯ ಆಚೆಗೆ ಹದಿನಾರನೇ ಲೂಯಿ



ಪಟ್ಟ ಕಳೆದುಕೊಂಡು, ವಿಚಾರಣೆಗೆ ಗುರಿಯಾಗಿ, ಕೊನೆಗೆ ತಲೆಯನ್ನೂ ಕಳೆದುಕೊಂಡ ಅರಸನ ಆಳ್ವಿಕೆಗೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಇತಿಹಾಸ ಸಮ್ಮೇಳನದಲ್ಲಿ ಇಂದು ಎತ್ತಿಕೊಂಡಿದ್ದೇನೆ. ನಿದರ್ಶನ ಫ್ರಾನ್ಸಿನ ಹದಿನಾರನೇ ಲೂಯಿ. 1774ರ ಮೇ 10ರಂದು, ಹತ್ತೊಂಬತ್ತರ ಹರೆಯದಲ್ಲಿ ಸಿಂಹಾಸನಕ್ಕೆ ಬಂದವನು. 1793ರ ಜನವರಿ 21ರಂದು, ಮೂವತ್ತೆಂಟನೇ ವಯಸ್ಸಿನಲ್ಲಿ ಗಿಲೊಟಿನ್‌ಗೆ ತಲೆಕೊಟ್ಟವನು. ಅಂದಿನಿಂದ ಅವನ ಎರಡು ಚಿತ್ರಗಳು ಚಲಾವಣೆಯಲ್ಲಿವೆ. ಒಂದು ಹುತಾತ್ಮನದು: 1815ರಲ್ಲಿ ಅವನ ತಮ್ಮನೇ ದೊರೆಯಾಗಿದ್ದಾಗ ಅಸ್ಥಿಯನ್ನು ಮೆರವಣಿಗೆಯಲ್ಲಿ ಸೇಂಟ್ ಡೆನಿಸ್‌ಗೆ ಒಯ್ದು ಸಮಾಧಿ ಮಾಡಿದವರು ಬರೆದ ಚಿತ್ರ. ಇನ್ನೊಂದು ದೇಶದ್ರೋಹಿಯದು: ಅವನನ್ನು ಕಟಕಟೆಗೆ ತಂದವರು ಬರೆದದ್ದು. ಒಂದಕ್ಕೊಂದು ಎದುರಾದ ಈ ಚಿತ್ರಗಳ ಚೌಕಟ್ಟು ಮಾತ್ರ ಒಂದೇ. 1792ರ ಡಿಸೆಂಬರ್ 11ರಂದು ಅವನೆದುರು ಓದಿದ ದೋಷಾರೋಪ ಪಟ್ಟಿ 1789ರ ಜೂನ್ 20ರಿಂದ ಶುರುವಾಗುತ್ತದೆ. ಅದಕ್ಕೆ ಹಿಂದಿನ ಹದಿನೈದು ವರ್ಷಗಳು ಆ ಪಟ್ಟಿಯಲ್ಲೂ ಇಲ್ಲ, ಹುತಾತ್ಮನ ಕಥೆಯಲ್ಲೂ ಹೆಚ್ಚಾಗಿ ಇಲ್ಲ. ಆ ಹದಿನೈದು ವರ್ಷಗಳನ್ನು ತೆರೆಯದೆ ಕೊಟ್ಟ ಯಾವ ತೀರ್ಪೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ತೆರೆದು ನೋಡಿದರೆ ಮೊದಲು ಕಾಣುವವನು ಕ್ರೂರಿಯಲ್ಲ. 1779ರಲ್ಲಿ ತನ್ನ ಸ್ವಂತ ಜಮೀನುಗಳಲ್ಲಿ ಉಳಿದಿದ್ದ ಜೀತದ ಕಟ್ಟನ್ನು ಬಿಡಿಸಿದವನು. ಅಪರಾಧ ಒಪ್ಪಿಸಲು ಆರೋಪಿಗಳಿಗೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು 1780ರಲ್ಲಿ ರದ್ದುಗೊಳಿಸಿದವನು. ಒಂದು ಶತಮಾನದಿಂದ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ ಎಂಬಂತಾಗಿದ್ದ ಪ್ರೊಟೆಸ್ಟೆಂಟರ ಮದುವೆ, ಹುಟ್ಟು, ಸಾವುಗಳನ್ನು ದಾಖಲಿಸಲು 1787ರಲ್ಲಿ ದಾರಿ ಮಾಡಿಕೊಟ್ಟವನು. ಅರಮನೆಯ ದುಂದುವೆಚ್ಚವೇ ದೇಶವನ್ನು ಮುಳುಗಿಸಿತು ಎಂದು ನಮ್ಮ ತರಗತಿಗಳಲ್ಲಿ ಇಂದಿಗೂ ಹೇಳುತ್ತೇವೆ. 1788ರ ಲೆಕ್ಕ ಬೇರೆಯೇ ಹೇಳುತ್ತದೆ. ಆ ವರ್ಷದ ಖರ್ಚಿನಲ್ಲಿ ಅರಮನೆಯ ಪಾಲು ನೂರಕ್ಕೆ ಆರರಷ್ಟು. ಸಾಲ ಮತ್ತು ಬಡ್ಡಿಯ ಪಾಲು ಸುಮಾರು ಅರ್ಧ. ಹಾಗಾದರೆ ಕೇಳಬೇಕಾದದ್ದು ರಾಣಿಯ ಒಡವೆಯ ಬೆಲೆಯನ್ನಲ್ಲ, ಇಷ್ಟು ಸಾಲ ಏಕಾಯಿತು ಎಂಬುದನ್ನು.

ಸಾಲದ ಬೇರು ಅಮೆರಿಕದ ಯುದ್ಧದಲ್ಲಿದೆ. ಇಂಗ್ಲೆಂಡಿನ ವಿರುದ್ಧ ವಸಾಹತುಗಳ ಪರವಾಗಿ ಫ್ರಾನ್ಸ್ ಸುರಿದ ಹಣ ನೂರು ಕೋಟಿ ಲೀವ್ರ್‌ಗಳನ್ನು ದಾಟುತ್ತದೆ. ಹಣಕಾಸು ನೋಡಿಕೊಳ್ಳುತ್ತಿದ್ದ ನೆಕರ್ ಅದನ್ನು ಬಹುಪಾಲು ಹೊಸ ತೆರಿಗೆಯಿಂದಲ್ಲ, ಸಾಲದಿಂದ ಹೊಂದಿಸಿದ. 1781ರಲ್ಲಿ ಬೊಕ್ಕಸದಲ್ಲಿ ಮಿಗತೆಯಿದೆ ಎಂಬ ಲೆಕ್ಕಪತ್ರವನ್ನೂ ಅಚ್ಚು ಹಾಕಿಸಿದ. ತೆರಿಗೆ ಏರಿಸಬೇಕೆಂದರೆ ಯಾರಾದರೂ ಒಪ್ಪಬೇಕು, ಒಪ್ಪುವವರು ಲೆಕ್ಕ ಕೇಳುತ್ತಾರೆ. ಸಾಲ ಮಾಡಿದರೆ ಯಾರನ್ನೂ ಕೇಳಬೇಕಾಗಿಲ್ಲ. ಇಡೀ ಆಳ್ವಿಕೆಯ ಒಳದಾರ ಇಲ್ಲಿ ಕೈಗೆ ಸಿಗುತ್ತದೆ. ಲೂಯಿ ಪ್ರಜೆಗಳಿಗೆ ಏನನ್ನಾದರೂ ಕೊಡಲು ಸಿದ್ಧನಿದ್ದ, ಅವರ ಒಪ್ಪಿಗೆ ಪಡೆಯಲು ಮಾತ್ರ ಸಿದ್ಧನಿರಲಿಲ್ಲ. 1776ರಲ್ಲಿ ಆಗಿನ ಹಣಕಾಸು ಮಂತ್ರಿ ಟುರ್ಗೊ ರೈತರನ್ನು ರಸ್ತೆ ಕೆಲಸಕ್ಕೆ ಎಳೆಯುವ ಬಿಟ್ಟಿ ಚಾಕರಿಯನ್ನು ತೆಗೆಸಿದಾಗ ಅರಸ ಅವನ ಬೆನ್ನಿಗೆ ನಿಂತ. ಎರಡು ತಿಂಗಳಲ್ಲಿ ಆಸ್ಥಾನದ ಒತ್ತಡಕ್ಕೆ ಮಣಿದು ಅವನನ್ನು ಮನೆಗೆ ಕಳಿಸಿದ, ಬಿಟ್ಟಿ ಮರಳಿ ಬಂತು. ಕರುಣೆಯಿಂದ ಕೊಟ್ಟದ್ದನ್ನು ಕರುಣೆ ತಪ್ಪಿದ ದಿನ ಹಿಂದಕ್ಕೆ ಪಡೆಯಬಹುದು, ಕೇಳುವವರಿಲ್ಲ. 1787ರ ನವೆಂಬರಿನಲ್ಲಿ, ಪ್ರೊಟೆಸ್ಟೆಂಟರಿಗೆ ಬದುಕು ಕೊಟ್ಟ ಅದೇ ತಿಂಗಳಲ್ಲಿ, ಪ್ಯಾರಿಸ್ಸಿನ ನ್ಯಾಯಮಂಡಲಿಯ ಮೇಲೆ ಹೊಸ ಸಾಲಗಳನ್ನು ಹೇರುವಾಗ ಇದು ಕಾನೂನುಬಾಹಿರ ಎಂದು ಸ್ವಂತ ದಾಯಾದಿಯೇ ಎದ್ದು ನಿಂತ. ನಾನು ಇಚ್ಛಿಸಿದ್ದರಿಂದಲೇ ಅದು ಕಾನೂನು ಎಂಬರ್ಥದ ಉತ್ತರ ಅರಸನ ಬಾಯಿಂದ ಬಂತು. 1789ರ ಜೂನ್ 23ರಂದು ಮೂರು ವರ್ಗಗಳ ಪ್ರತಿನಿಧಿ ಸಭೆಯಾದ ಎಸ್ಟೇಟ್ಸ್ ಜನರಲ್ ಎದುರು ಅವನು ಮುಂದಿಟ್ಟ ಸುಧಾರಣೆಗಳು ಸಣ್ಣವಲ್ಲ: ತೆರಿಗೆಗೆ ಪ್ರತಿನಿಧಿಗಳ ಸಮ್ಮತಿ ಬೇಕೆಂಬುದನ್ನೂ ಆ ದಿನ ಬಾಯಿಬಿಟ್ಟು ಒಪ್ಪಿದ. ಆದರೆ ಅದೇ ಉಸಿರಿನಲ್ಲಿ, ಜನಪ್ರತಿನಿಧಿಗಳು ಆರು ದಿನಗಳ ಹಿಂದೆ ತಮ್ಮನ್ನು ರಾಷ್ಟ್ರಸಭೆಯೆಂದು ಕರೆದುಕೊಂಡದ್ದು ಅಸಿಂಧು ಎಂದು ಸಾರಿದ. ಸಮ್ಮತಿಯೂ ಅವನ ಕೈಯಿಂದ ಬೀಳುವ ಕೊಡುಗೆಯೇ ಆಗಬೇಕಿತ್ತು.

ಕನ್ನಡ ನಾಡಿನ ಇತಿಹಾಸ ಓದುವವರಿಗೆ ಈ ಅರಸ ದೂರದವನಲ್ಲ. 1783ರಲ್ಲಿ ಟಿಪ್ಪುವಿನ ಸೇನೆ ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ, ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಜೊತೆಗಿದ್ದ ಫ್ರೆಂಚ್ ತುಕಡಿ ಕದನದಿಂದ ಹಿಂದೆ ಸರಿಯಿತು. ಐದು ವರ್ಷಗಳ ತರುವಾಯ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ಮೈಸೂರಿನ ರಾಯಭಾರಿಗಳು ಟೂಲೋನ್ ಬಂದರಿನಲ್ಲಿ ಇಳಿದು, 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಲೂಯಿಯ ದರ್ಶನ ಪಡೆದರು. ಇಂಗ್ಲಿಷರ ವಿರುದ್ಧ ಮೈತ್ರಿ ಅವರ ಬೇಡಿಕೆ. ಆ ವಾರದ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಆಗಸ್ಟ್ 8ರಂದು ಎಸ್ಟೇಟ್ಸ್ ಜನರಲ್ ಕರೆಯುವ ಪ್ರಕಟಣೆ ಹೊರಬಿದ್ದಿತ್ತು, ಏಕೆಂದರೆ ಸಾಲ ಕೊಡುವವರು ಉಳಿದಿರಲಿಲ್ಲ. ಆಗಸ್ಟ್ 16ರಂದು ಬೊಕ್ಕಸ ನಗದು ಪಾವತಿಗಳನ್ನು ಭಾಗಶಃ ನಿಲ್ಲಿಸಿತು. ಈ ಎರಡರ ನಡುವೆ ದರ್ಬಾರು ಮೈಸೂರಿನವರನ್ನು ಸಕಲ ವೈಭವದಿಂದ ಎದುರುಗೊಂಡಿತು. ವಿಜೆ ಲ ಬ್ರ್ಯೂನ್ ಎಂಬ ಹೆಸರಾಂತ ಕಲಾವಿದೆ ದರ್ವೇಶ್ ಖಾನನ ಚಿತ್ರ ಬರೆದಳು, ಸೇವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆಯಾಗಿ ಬಂತು, ಮೈತ್ರಿ ಮಾತ್ರ ಬರಲಿಲ್ಲ. ಇದನ್ನು ಫ್ರೆಂಚರ ವಿಶ್ವಾಸದ್ರೋಹ ಎಂದು ಬರೆಯುವ ರೂಢಿ ನಮ್ಮಲ್ಲಿದೆ. ನನಗೆ ಕಾಣುವುದು ಬೇರೆ. ಸ್ವಂತ ಪ್ರಜೆಗಳ ಒಪ್ಪಿಗೆ ಕೇಳದೆ ಸಾಲದ ಮೇಲೆ ನಡೆದ ಅರಸೊತ್ತಿಗೆ ಉಡುಗೊರೆ ಕೊಡಬಲ್ಲುದಿತ್ತು, ಮಾತು ಕೊಡುವ ಶಕ್ತಿಯನ್ನು ಕಳೆದುಕೊಂಡಿತ್ತು. ನಾಲ್ಕು ವರ್ಷಗಳ ನಂತರ, ಅದೇ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ಟುಯಿಲರಿ ಅರಮನೆಗೆ ನುಗ್ಗಿದಾಗ ಅವನ ಆಳ್ವಿಕೆ ಮುಗಿಯಿತು.

ಈ ವಾದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದೇ. ಹದಿನೆಂಟನೇ ಶತಮಾನದ ಅರಸನೊಬ್ಬನಿಂದ ಪ್ರಜಾಸಮ್ಮತಿಯನ್ನು ನಿರೀಕ್ಷಿಸುವುದು ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆದಂತಲ್ಲವೇ? ನಾವು ಒಯ್ದ ಅಳತೆಗೋಲು ಆಗಿದ್ದರೆ ಈ ಮಾತು ಸರಿ. ಅದು ಅವನ ಕಾಲದ್ದು, ಅವನ ಮನೆಯದ್ದು. ಪಟ್ಟಕ್ಕೆ ಬಂದ ಮರುವರ್ಷವೇ, 1775ರಲ್ಲಿ, ತೆರಿಗೆ ನ್ಯಾಯಾಲಯದ ಮುಖ್ಯಸ್ಥನಾಗಿದ್ದ ಮಾಲ್ಜೆರ್ಬ್ ರಾಷ್ಟ್ರದ ಮಾತನ್ನು ರಾಷ್ಟ್ರದಿಂದಲೇ ಕೇಳಿ ಎಂದು ಅರಸನಿಗೆ ವಿಜ್ಞಾಪನೆ ಸಲ್ಲಿಸಿದ್ದ. ಕೆಲವೇ ತಿಂಗಳುಗಳಲ್ಲಿ ಅದೇ ಮಾಲ್ಜೆರ್ಬ್ ಅವನ ಮಂತ್ರಿಯೂ ಆದ. ಚುನಾಯಿತ ಸ್ಥಳೀಯ ಸಭೆಗಳ ಯೋಜನೆಯೊಂದು ಟುರ್ಗೊವಿನ ಮೇಜಿನ ಮೇಲೂ ಇತ್ತು. ಕೇಳಿಸದ ಮಾತಲ್ಲ ಅದು, ಕೇಳಿಸಿಕೊಂಡು ಬದಿಗಿಟ್ಟ ಮಾತು. ಇನ್ನು, ಅವನು ದುರ್ಬಲನಾಗಿದ್ದ, ಮನಸ್ಸು ಗಟ್ಟಿಯಿರಲಿಲ್ಲ, ಪಾಪ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಈ ಒಂದು ವಿಷಯದಲ್ಲಿ ಅವನು ಹದಿನೈದು ವರ್ಷ ಅಲುಗಲಿಲ್ಲ. ದೌರ್ಬಲ್ಯದ ಕಥೆ ಹೇಳುವವರು ಅವನ ಸ್ವಭಾವವನ್ನು ದೂರಿ ಅವನ ನಿಲುವನ್ನು ಮರೆಸುತ್ತಾರೆ. ಬಾಸ್ಟಿಲ್ ಬಿದ್ದ ದಿನದ ದಿನಚರಿಯಲ್ಲಿ ಏನೂ ಇಲ್ಲ ಎಂದು ಬರೆದನೆಂಬುದನ್ನು ಪೆದ್ದುತನದ ಸಾಕ್ಷಿಯಾಗಿ ತೋರಿಸುವುದೂ ಇದೇ ಬಗೆಯದು. ಅದು ಮುಖ್ಯವಾಗಿ ಬೇಟೆಯ ದಾಖಲೆ. ಆ ದಿನ ಬೇಟೆಯಿರಲಿಲ್ಲ.

ದ್ರೋಹದ ಆರೋಪ ಸುಳ್ಳಾಗಿತ್ತೇ? ಇಲ್ಲ. 1791ರ ಜೂನ್ 20ರ ರಾತ್ರಿ ಕುಟುಂಬದೊಡನೆ ಗಡಿಯತ್ತ ಓಡಿಹೋದವನು, ತಾನು ಅದುವರೆಗೆ ಒಪ್ಪಿ ಸಹಿ ಹಾಕಿದ್ದನ್ನೆಲ್ಲ ನಿರಾಕರಿಸುವ ಹೇಳಿಕೆಯನ್ನು ಸ್ವಂತ ಕೈಬರಹದಲ್ಲಿ ಬಿಟ್ಟುಹೋಗಿದ್ದ. ವಾರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದು ಮರಳಿದವನು ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನಕ್ಕೆ ಪ್ರಮಾಣ ಮಾಡಿದ. 1792ರ ನವೆಂಬರಿನಲ್ಲಿ ಟುಯಿಲರಿಯ ಗೋಡೆಯೊಳಗೆ ಕಬ್ಬಿಣದ ಗುಪ್ತ ಕಪಾಟು ಸಿಕ್ಕಿತು. ಬೀಗದ ಕೆಲಸದಲ್ಲಿ ಅರಸನ ಜೊತೆಗಾರನಾಗಿದ್ದ ಗಾಮೆನ್ ಎಂಬ ಕಮ್ಮಾರನೇ ಜಾಗ ತೋರಿಸಿದ. ಒಳಗಿದ್ದ ಪತ್ರಗಳು ಅವನ ಎರಡು ನಾಲಿಗೆಯನ್ನು ಬಯಲುಮಾಡಿದವು. ಹಿಂದಿನ ಹದಿನೈದು ವರ್ಷಗಳನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ತನ್ನಿಂದ ಕಿತ್ತುಕೊಂಡದ್ದನ್ನು ಅವನು ಒಪ್ಪಂದವೆಂದು ಎಂದೂ ಬಗೆದಿರಲಿಲ್ಲ.

ಇಷ್ಟಾದರೂ ಅವನನ್ನು ಕೊಂದದ್ದು ನ್ಯಾಯವಲ್ಲ. ಆಳ್ವಿಕೆಯ ತಪ್ಪು ಒಂದು ಲೆಕ್ಕ, ವಿಚಾರಣೆಯ ತಪ್ಪು ಇನ್ನೊಂದು; ಒಂದನ್ನು ಇನ್ನೊಂದರಿಂದ ಕಳೆಯಲಾಗದು. 1791ರ ಸಂವಿಧಾನ ಅರಸನನ್ನು ಯಾರೂ ಮುಟ್ಟಬಾರದವನೆಂದು ಸಾರಿ, ಗಂಭೀರ ದ್ರೋಹಕ್ಕೂ ಪಟ್ಟತ್ಯಾಗವನ್ನಷ್ಟೇ ಶಿಕ್ಷೆಯಾಗಿ ವಿಧಿಸಿತ್ತು. ಅರಸೊತ್ತಿಗೆ ಮುಗಿದ ಮೇಲೆ ಚುನಾಯಿತವಾದ ಕನ್ವೆನ್ಷನ್ ಸಭೆ ತಾನೇ ದೂರುದಾರ, ತಾನೇ ನ್ಯಾಯಾಧೀಶ ಆಯಿತು. 721 ಮತಗಳಲ್ಲಿ ಷರತ್ತಿಲ್ಲದ ಮರಣದಂಡನೆಗೆ ಬಿದ್ದದ್ದು 361. ಜಾರಿಯನ್ನು ಮುಂದೂಡುವ ಬಗ್ಗೆ ಚರ್ಚಿಸೋಣ ಎಂದ 26 ಸೇರಿದರೆ 387. ಗಣರಾಜ್ಯವಾದಿಗಳಾದ ಥಾಮಸ್ ಪೇನ್, ಕಾಂಡೋರ್ಸೆ ಮರಣದಂಡನೆಗೆ ಒಪ್ಪಲಿಲ್ಲ. ಅರಸೊತ್ತಿಗೆ ಬೇಡ, ಅರಸನ ರಕ್ತವೂ ಬೇಡ ಎಂಬ ನಿಲುವು ಆ ಸಭೆಯಲ್ಲೇ ಇತ್ತು. 71ರ ವಯಸ್ಸಿನಲ್ಲಿ ತಾನಾಗಿ ಮುಂದೆ ಬಂದು ಲೂಯಿಯ ವಕಾಲತ್ತು ವಹಿಸಿದವನು, ಅವನು ಕಿವಿಗೊಡದಿದ್ದ ಅದೇ ಮಾಲ್ಜೆರ್ಬ್. 1794ರಲ್ಲಿ ಮಗಳು, ಮೊಮ್ಮಗಳ ಜೊತೆ ಅವನೂ ಗಿಲೊಟಿನ್‌ಗೆ ಬಲಿಯಾದ. ಆಮೇಲಿನ ಹತ್ಯಾಕಾಂಡವನ್ನು ತೋರಿಸಿ ಲೂಯಿಯೇ ಎಷ್ಟೋ ವಾಸಿ ಎನ್ನುವವರಿದ್ದಾರೆ. ಕೊಂದವರ ಪಾಪ ಸತ್ತವನ ಪುಣ್ಯವಾಗುವುದಿಲ್ಲ.

ದೋಷಾರೋಪ ಪಟ್ಟಿಯ ಆಚೆ ಉಳಿದುಹೋದ ಇನ್ನೊಂದು ಕಡತವಿದೆ. ಈ ಸಮ್ಮೇಳನದ ಗೋಷ್ಠಿಗಳು ಅದನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. 1784ರಲ್ಲಿ ಇದೇ ದಯಾಳು ಅರಸನ ಸರ್ಕಾರ ಆಫ್ರಿಕದಿಂದ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಟನ್ನಿನ ಲೆಕ್ಕದಲ್ಲಿ ಸಹಾಯಧನ ಕೊಡತೊಡಗಿತು. ಆ ದಶಕದಲ್ಲಿ ಫ್ರೆಂಚ್ ಗುಲಾಮರ ವ್ಯಾಪಾರ ತುದಿ ಮುಟ್ಟಿತು. ಸೇಂಟ್ ಡೊಮಿಂಗ್ ಎಂಬ ಒಂದೇ ಫ್ರೆಂಚ್ ವಸಾಹತಿನಲ್ಲಿ ಐದು ಲಕ್ಷಕ್ಕೆ ಹತ್ತಿರದಷ್ಟು ಜನ ಗುಲಾಮರಾಗಿದ್ದರು. 1789ರಲ್ಲಿ ಫ್ರಾನ್ಸಿನ ಹಳ್ಳಿಹಳ್ಳಿಗಳಿಂದ ದೂರುಪುಸ್ತಕಗಳನ್ನು ತರಿಸಿಕೊಂಡಾಗ ಅವರನ್ನು ಯಾರೂ ಕೇಳಲಿಲ್ಲ. ಅವರು 1791ರ ಆಗಸ್ಟಿನಲ್ಲಿ ದಂಗೆ ಎದ್ದರು. ಲೂಯಿಯನ್ನು ಕಟಕಟೆಗೆ ತಂದವರಿಗೂ ಗುಲಾಮರ ಈ ವ್ಯಾಪಾರ ಅಪರಾಧವಾಗಿ ಕಾಣಲಿಲ್ಲ. ಆ ಸಹಾಯಧನವನ್ನು ಕನ್ವೆನ್ಷನ್ ನಿಲ್ಲಿಸಿದ್ದು ಅರಸ ಸತ್ತು ಆರು ತಿಂಗಳಾದ ಮೇಲೆ, ಗುಲಾಮಗಿರಿಯನ್ನು ರದ್ದುಮಾಡಿದ್ದು 1794ರ ಫೆಬ್ರವರಿ 4ರಂದು.