ಕಾರಿನ ಮಿದುಳಿಗೆ ಕೈಹಚ್ಚುವ ಮುನ್ನ

(ಸಹಮ್‌ನಲ್ಲಿ ಜರುಗಿದ ಕುಟುಂಬ ಸಮ್ಮಿಲನದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯನನ್ನು ವೇದಿಕೆಗೆ ಕರೆದರೆ ಆತ ಸಕ್ಕರೆ ಕಾಯಿಲೆಯ ಕುರಿತು ಮಾತನಾಡಿ, ಊಟಕ್ಕೆ ಮುಂಚೆಯೇ ಸಭಿಕರ ಹೋಳಿಗೆಯ ಆಸೆಗೆ ತಣ್ಣೀರೆರಚುವುದು ವಾಡಿಕೆ. ಇಂದು ಆ ಅಪರಾಧವನ್ನು ನಾನು ಮಾಡುವುದಿಲ್ಲ. ನನ್ನ ವಿಷಯ, ಕಾರಿನ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಇ.ಸಿ.ಎಂ. ಎಂಬ ಪೆಟ್ಟಿಗೆಯನ್ನು ಹಾನಿಯಾಗದಂತೆ ಹೊರತೆಗೆಯುವ ಬಗೆ. ನಾನು ಮೆಕ್ಯಾನಿಕ್ ಅಲ್ಲ. ಈ ವಿಷಯದಲ್ಲಿ ನನಗೆ ಅಕ್ಷರಾಭ್ಯಾಸ ಮಾಡಿಸಿದ್ದು ಶಾಹೀನ್ ಚಂಡಮಾರುತ.

2021ರ ಅಕ್ಟೋಬರ್ 3ರ ಸಂಜೆ ಅದು ಸುವೈಖ್ ಮತ್ತು ಮುಸನ್ನಾ ನಡುವೆ ಕರಾವಳಿಯನ್ನು ಅಪ್ಪಳಿಸಿದ್ದನ್ನು ತಾವು ಮರೆತಿರಲಾರಿರಿ. ನಮ್ಮ ನೆರೆಯ ಖಾಬೂರಾದಲ್ಲಿ ಒಂದೇ ದಿನ 300 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಆಗುಂಬೆಯವರಿಗೆ ಅದೇನೂ ಹೊಸದಲ್ಲ, ಆದರೆ ವರ್ಷವಿಡೀ ಒಣಗಿರುವ ವಾದಿಗಳ ನಾಡಿಗೆ ಅದು ಪ್ರಳಯವೇ. ನನ್ನ ಹಳೆಯ ಕಾರು ಆಸನದ ಬುಡದವರೆಗೆ ಕೆಸರುನೀರಿನಲ್ಲಿ ನಿಂತಿತು.

ನೀರು ಇಳಿಯಿತು. ಕೀಲಿ ತಿರುಗಿಸಬಾರದೆಂಬಷ್ಟು ಬುದ್ಧಿ ನನಗಿತ್ತು; ಎಂಜಿನ್ನಿನೊಳಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಆದರೆ ಬ್ಯಾಟರಿಯ ತಂತಿಯನ್ನು ಬಿಡಿಸಬೇಕೆಂಬುದು ಹೊಳೆಯಲಿಲ್ಲ. ಆಸ್ಪತ್ರೆಯ ಕೆಲಸದ ಒತ್ತಡದಲ್ಲಿ ಮೂರು ದಿನ ಅತ್ತ ಸುಳಿಯಲಿಲ್ಲ. ಒದ್ದೆ ತಾಮ್ರದ ಮೂಲಕ ವಿದ್ಯುತ್ತು ಹರಿಯುತ್ತಿದ್ದರೆ ಲೋಹ ಕರಗಿ ಹಸಿರು ಕಿಲುಬಾಗುತ್ತದೆ. ಬರಿಯ ನೀರು ವರ್ಷದಲ್ಲಿ ಮಾಡುವ ಕೇಡನ್ನು ನೀರೂ ವಿದ್ಯುತ್ತೂ ಕೂಡಿ ಕೆಲವೇ ದಿನಗಳಲ್ಲಿ ಮಾಡಬಲ್ಲವು. ಆ ತಪ್ಪು ನನ್ನದೇ.

ಒಂದು ಗ್ಯಾರೇಜಿನವರು ಬಂದು, ಬಾನೆಟ್ ಎತ್ತಿ ನೋಡಿ, "ಇ.ಸಿ.ಎಂ. ಹೋಗಿದೆ" ಎಂದು ತೀರ್ಪಿತ್ತರು. ಹೊಸದಕ್ಕೆ 400 ರಿಯಾಲ್. ಮೀಟರನ್ನು ಹೊರತೆಗೆಯದೆ ಕೊಟ್ಟ ಆ ತೀರ್ಪು, ನಾಡಿ ಹಿಡಿಯದೆ ಶಸ್ತ್ರಚಿಕಿತ್ಸೆಗೆ ಬರೆದುಕೊಟ್ಟಂತಿತ್ತು. ನಾನು ಕುಂದಾಪುರದ ಕಡೆಯ ಎಲೆಕ್ಟ್ರಿಷಿಯನ್ ಮಿತ್ರರೊಬ್ಬರನ್ನು ಕರೆಸಿದೆ.

ಇಲ್ಲಿ ಒಂದು ಮಾತು. ನಾವು ಬಾಲ್ಯದಲ್ಲಿ ಕಂಡ ಅಂಬಾಸಿಡರಿಗೆ ಇಂಥ ಮಿದುಳಿರಲಿಲ್ಲ. ಕಾರ್ಬ್ಯುರೇಟರ್ ಪೆಟ್ರೋಲನ್ನು ಬೆರೆಸುತ್ತಿತ್ತು, ಡಿಸ್ಟ್ರಿಬ್ಯೂಟರ್ ಕಿಡಿಯನ್ನು ಹಂಚುತ್ತಿತ್ತು. ಇವೆರಡು ಕೆಲಸಗಳನ್ನೂ ಒಂದೇ ಪೆಟ್ಟಿಗೆಗೆ ಒಪ್ಪಿಸಿದ ಮೋಟ್ರಾನಿಕ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಸಂಸ್ಥೆ 1979ರಲ್ಲಿ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ತಂದಿತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ನಮ್ಮ ಮೈಕೋ ಕಾರ್ಖಾನೆ ಅದೇ ಮನೆತನದ್ದಾಗಿತ್ತು. ಇಂದು ಈ ಪೆಟ್ಟಿಗೆ ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ, ಕೆಲವುಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ ಇರುತ್ತದೆ. ಎಲ್ಲಿದೆಯೆಂಬುದನ್ನು ಆಯಾ ಕಾರಿನ ದುರಸ್ತಿ ಕೈಪಿಡಿ ನೋಡಿಯೇ ತಿಳಿಯಬೇಕು.

ನಮ್ಮ ಮಿತ್ರರು ಬಂದವರೇ ಬೆರಳಿನ ಉಂಗುರವನ್ನೂ ಗಡಿಯಾರವನ್ನೂ ಕಳಚಿಟ್ಟರು. ಕೀಲಿಯನ್ನು ಮನೆಯೊಳಗೆ ಇಡಿಸಿದರು. ಬಳಿಕ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಡಿಸಿ, ತುದಿಗೆ ಬಟ್ಟೆ ಸುತ್ತಿ ದೂರ ಸರಿಸಿದರು. ನೆಗೆಟಿವ್ ಏಕೆ ಮೊದಲು? ಕಾರಿನ ಲೋಹದ ಮೈಯೆಲ್ಲ ನೆಗೆಟಿವ್‌ಗೆ ಜೋಡಿಸಲ್ಪಟ್ಟಿದೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಿ ಮೈಗೆ ತಾಗಿದರೂ ಬೆಂಕಿ ಹಾರುತ್ತದೆ. ಅಷ್ಟಾದ ಮೇಲೆ, "ಡಾಕ್ಟ್ರೇ, ಒಂದು ಚಾ ಕುಡಿಯುವ" ಎಂದು ಕುಳಿತುಬಿಟ್ಟರು. ನನಗೋ ಅವಸರ. ಆದರೆ ಆ ಚಹಾಕ್ಕೂ ಅರ್ಥವಿತ್ತು. ತಂತಿ ಬಿಚ್ಚಿದರೂ ಏರ್‌ಬ್ಯಾಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಟೊಯೋಟಾದ ಕೈಪಿಡಿಗಳು ಕನಿಷ್ಠ 90 ಸೆಕೆಂಡು ಕಾಯಿರಿ ಎನ್ನುತ್ತವೆ, ಇನ್ನು ಕೆಲವು ಕಂಪನಿಗಳು ಇನ್ನೂ ಹೆಚ್ಚು ಹೇಳುತ್ತವೆ. ಡ್ಯಾಶ್‌ಬೋರ್ಡಿನಡಿ ತಲೆಯಿಟ್ಟವನಿಗೆ ಏರ್‌ಬ್ಯಾಗ್ ಸಿಡಿದರೆ ಆಗುವ ಗಾಯವನ್ನು ವೈದ್ಯನಾಗಿ ಊಹಿಸಬಲ್ಲೆ. ಹೈಬ್ರಿಡ್ ಕಾರಾಗಿದ್ದರೆ ಕಿತ್ತಳೆ ಬಣ್ಣದ ತಂತಿಗಳಿಗೆ ತರಬೇತಿಯಿಲ್ಲದವರು ಕೈಯನ್ನೇ ಹಚ್ಚಬಾರದು.

ಚಹಾ ಮುಗಿದ ಬಳಿಕ ಗ್ಲೋವ್ ಬಾಕ್ಸನ್ನು ಬಿಚ್ಚಿದರು. ಕನೆಕ್ಟರುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆಸಿ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಬರೆಸಿದರು. ರೆಸಿಡೆನ್ಸಿಯ ದಿನಗಳಲ್ಲಿ ಹಿರಿಯರು ರೋಗಿಯ ಮುಂಗೈ ಪಟ್ಟಿಯನ್ನು ಎರಡೆರಡು ಸಲ ಓದಿಸುತ್ತಿದ್ದುದು ನೆನಪಾಯಿತು. ಆಮೇಲೆ ಬಣ್ಣವಿಲ್ಲದ ಲೋಹದ ಭಾಗವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡರು. ನಮಗೆ ಚುರುಕ್ಕೆನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಸೂಕ್ಷ್ಮ ಚಿಪ್ಪುಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ, ನಮಗೆ ಗೊತ್ತೇ ಆಗದಂತೆ ಸಾಯಬಲ್ಲವು. ಕನೆಕ್ಟರಿನ ಬೀಗವನ್ನು ಒತ್ತಿ, ಸನ್ನೆಯನ್ನು ಪೂರ್ತಿ ಮಗುಚಿ, ಪ್ಲಾಸ್ಟಿಕ್ಕಿನ ಮೈಯನ್ನೇ ಹಿಡಿದು ನೇರವಾಗಿ ಹೊರಗೆಳೆದರು. ತಂತಿಯನ್ನು ಹಿಡಿದು ಜಗ್ಗಲಿಲ್ಲ, ಪಿನ್ನುಗಳನ್ನು ಮುಟ್ಟಲಿಲ್ಲ.

ಪೆಟ್ಟಿಗೆ ಒಣಗಿಯೇ ಇತ್ತು. ಪಿನ್ನುಗಳು ಹೊಸದರಂತೆ ಹೊಳೆಯುತ್ತಿದ್ದವು.

ಹಾಗಾದರೆ ತೆಗೆದುದೇಕೆ ಎಂದು ಕೇಳಿದೆ. ಪ್ರವಾಹ ಕಂಡ ಕಾರಿನಲ್ಲಿ, ಇದರೊಳಗೆ ನೀರಿಲ್ಲವೆಂದು ಖಚಿತವಾಗದೆ ಮತ್ತೆ ವಿದ್ಯುತ್ತು ಕೊಡಬಾರದು ಎಂಬುದು ಅವರ ಉತ್ತರ. ಬಳಿಕ ಅವರು ಕೆಳಗಿನ ಒದ್ದೆ ಕಾರ್ಪೆಟ್ಟನ್ನು ಎತ್ತಿದರು. ಬಾಗಿಲ ಬಳಿ, ಕಾಲಿಡುವೆಡೆಯಲ್ಲಿ, ತಂತಿಗಳನ್ನು ಕಾರಿನ ಮೈಗೆ ಬಿಗಿದಿದ್ದ ಅರ್ತ್ ಬೋಲ್ಟು ಹಸಿರುಗಟ್ಟಿ ಕೊಳೆತಿತ್ತು. ಮಿದುಳು ಸ್ವಸ್ಥವಾಗಿಯೇ ಇತ್ತು, ರೋಗ ಪಾದದಲ್ಲಿತ್ತು. ಅದನ್ನು ಉಜ್ಜಿ, ಹೊಸ ತುದಿ ಹಾಕಿ ಬಿಗಿದರು. ಖರ್ಚು ಎರಡು ರಿಯಾಲಿನೊಳಗೆ ಮುಗಿಯಿತು.

ಅದೇ ವಾರ ಭಟ್ಕಳದ ಕಡೆಯ ತರುಣನೊಬ್ಬನ ಪಿಕಪ್ಪಿಗೂ ಇದೇ ತೀರ್ಪು ಬಂದಿತ್ತು. ಅವನು ತರಕಾರಿ ಸಾಗಿಸಿ ಜೀವಿಸುವವನು. ಅಲ್ಲಿ ಬ್ಯಾಟರಿ ಬಿಚ್ಚದೆಯೇ ಕನೆಕ್ಟರನ್ನು ಕಿತ್ತರು, ಬೀಗ ಮುರಿಯಿತು, ಎರಡು ಪಿನ್ನು ಬಾಗಿದವು. ಪೆಟ್ಟಿಗೆ ಮೊದಲೇ ಕೆಟ್ಟಿತ್ತೋ ಕಿತ್ತಾಗ ಕೆಟ್ಟಿತೋ ಹೇಳಬಲ್ಲವರು ಯಾರೂ ಉಳಿಯಲಿಲ್ಲ. ಗುಜರಿಯಿಂದ ತಂದ ಇನ್ನೊಂದು ಪೆಟ್ಟಿಗೆ ಅವನ ಕೀಲಿಯನ್ನು ಗುರುತಿಸಲೇ ಇಲ್ಲ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಗಳಲ್ಲಿ ಪೆಟ್ಟಿಗೆಗೂ ಕೀಲಿಗೂ ಮದುವೆಯಾಗಿರುತ್ತದೆ. ಹೊಸ ಪೆಟ್ಟಿಗೆ ತಂದರೆ ಆ ಸಂಬಂಧವನ್ನು ಕಂಪ್ಯೂಟರಿನಿಂದ ಮತ್ತೆ ಕೂಡಿಸಬೇಕು. ಪಿಕಪ್ಪು ಐದು ವಾರ ನಿಂತಿತು. ಐದು ವಾರವೂ ಅವನು ಬಾಡಿಗೆ ಗಾಡಿಯಲ್ಲಿ ಸಾಲದ ಮೇಲೆ ದುಡಿದ. ಆದುದರಿಂದಲೇ ಇಂದು ಈ ವಿಷಯ ಆರಿಸಿಕೊಂಡೆ. ಗ್ಯಾರೇಜಿನವರು ಇ.ಸಿ.ಎಂ. ತೆಗೆಯುತ್ತೇವೆಂದರೆ ದಯವಿಟ್ಟು ಕೇಳಿರಿ: ಫ್ಯೂಸ್ ನೋಡಿದಿರಾ? ಅರ್ತ್ ನೋಡಿದಿರಾ? ನೀರು ಕಾಣದ ಗಾಡಿಯಾದರೆ, ಬ್ಯಾಟರಿ ಬಿಚ್ಚುವ ಮೊದಲು ದೋಷಸಂಕೇತಗಳನ್ನು ಸ್ಕ್ಯಾನರಿನಲ್ಲಿ ಓದಿ ಬರೆದುಕೊಂಡಿರಾ? ಬಿಚ್ಚಿದ ಮೇಲೆ ಅವು ಅಳಿಸಿಹೋಗಬಹುದು.

ನನ್ನ ಕಾರಿನಲ್ಲಿ ಕನೆಕ್ಟರುಗಳನ್ನೆಲ್ಲ ಕೂರಿಸಿ, ನೆಗೆಟಿವ್ ತಂತಿಯನ್ನು ಕಟ್ಟಕಡೆಗೆ ಬಿಗಿದೆವು. ಎಂಜಿನ್ನಿನೊಳಗೆ ನೀರಿಲ್ಲವೆಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ ಮೇಲೆಯೇ ಕೀಲಿ ತಿರುಗಿಸಿದ್ದು. ಎರಡು ದಿನ ಅದು ನಿಂತಲ್ಲೇ ಏರಿಳಿದು ಗುರುಗುಟ್ಟಿತು, ನೆನಪು ಕಳೆದುಕೊಂಡ ಪೆಟ್ಟಿಗೆ ಮತ್ತೆ ಕಲಿಯುವವರೆಗೆ ಹಾಗೆಯೇ ಅಂತೆ. ರೇಡಿಯೋ ಮಾತ್ರ ತನ್ನ ರಹಸ್ಯ ಸಂಖ್ಯೆ ಕೇಳುತ್ತ ಕುಳಿತಿದೆ. ಆ ಸಂಖ್ಯೆ ಬರೆದಿದ್ದ ಚೀಟಿ ಶಾಹೀನ್ ನೀರಿನಲ್ಲಿ ಹೋಯಿತು. ಅಂದಿನಿಂದ ಮಸ್ಕತ್ತಿನವರೆಗಿನ ದಾರಿಯುದ್ದಕ್ಕೂ ಹಾಡು ಹೇಳುವ ಹೊಣೆ ನನ್ನ ಶ್ರೀಮತಿಯವರದು.