ಒಂದು ಮೊಟ್ಟೆಯ ರಶೀದಿ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಭಾಷೆ ಕಲಿಸುವವಳು. ಆದರೂ ಇವತ್ತು ವಿಜ್ಞಾನದ ಕಥೆಯೊಂದನ್ನು ಹೇಳಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನ ಕೈಯಲ್ಲಿರುವ ಈ ಮಗ್. ಲಂಡನ್ ನೋಡಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ತಂದುಕೊಟ್ಟ. ಫೋಟೋ ಮುದ್ರಿಸಿದ ಮಗ್‌ಗಳು ನಮ್ಮ ಊರಿನ ಸ್ಟುಡಿಯೋಗಳಲ್ಲೂ ಸಿಗುತ್ತವೆ. ಅವುಗಳ ಮೇಲೆ ಮಕ್ಕಳ ಫೋಟೋ, ಮದುಮಕ್ಕಳ ಫೋಟೋ ಇರುತ್ತದೆ. ಇದರ ಮೇಲಿರುವುದು ಬದಿಯಲ್ಲಿ ತೂತು ಕೊರೆದ ಒಂದು ಹಳೆಯ ಮೊಟ್ಟೆ. ಮನೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಆ ಮೊಟ್ಟೆಯ ಕಥೆ ಓದಿದೆ. ಓದಿದ ಮೇಲೆ ನನ್ನದೇ ಒಂದು ತಪ್ಪು ನೆನಪಾಯಿತು. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಇದು ಎಂಪರರ್ ಪೆಂಗ್ವಿನ್ ಎಂಬ ಕಡಲಹಕ್ಕಿಯ ಮೊಟ್ಟೆ. ದಕ್ಷಿಣ ಧ್ರುವಕ್ಕೆ ಹೊರಟಿದ್ದ ಕ್ಯಾಪ್ಟನ್ ಸ್ಕಾಟ್‌ನ ತಂಡದ ಮೂವರು ಇದನ್ನು ತಂದರು. ವೈದ್ಯ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಕಿರಿಯವನಾದ ಚೆರ್ರಿ-ಗರಾರ್ಡ್. ಭ್ರೂಣವು ಬೆಳೆಯುವಾಗ ತನ್ನ ಪೂರ್ವಜರ ರೂಪಗಳನ್ನು ಮತ್ತೆ ತೋರಿಸುತ್ತದೆ ಎಂದು ಆಗ ಹಲವರು ನಂಬಿದ್ದರು. ಪೆಂಗ್ವಿನ್ ಬಹಳ ಪ್ರಾಚೀನ ಹಕ್ಕಿ ಎಂಬ ಎಣಿಕೆಯೂ ಇತ್ತು. ಹಾಗಾದರೆ ಅದರ ಭ್ರೂಣದಲ್ಲಿ ಸರೀಸೃಪಕ್ಕೂ ಹಕ್ಕಿಗೂ ಇರುವ ಕೊಂಡಿ ಕಾಣಬಹುದಲ್ಲವೇ? ಇದೇ ಅವರ ಪ್ರಶ್ನೆ.

ಆದರೆ ಈ ಹಕ್ಕಿ ಮೊಟ್ಟೆಯಿಟ್ಟು ಕಾವು ಕೊಡುವುದು ಅಂಟಾರ್ಕ್ಟಿಕದ ಚಳಿಗಾಲದಲ್ಲಿ, ಸೂರ್ಯನೇ ಹುಟ್ಟದ ದಿನಗಳಲ್ಲಿ. 1911ರ ಜೂನ್ 27ರಂದು ಮೂವರೂ ಹೊರಟರು. ಕೇಪ್ ಇವಾನ್ಸ್‌ನ ಗುಡಿಸಲಿನಿಂದ ಕೇಪ್ ಕ್ರೋಜಿಯರ್‌ಗೆ ಸುಮಾರು ನೂರು ಕಿಲೋಮೀಟರ್ ದೂರ. ಎರಡು ಜಾರುಬಂಡಿಗಳನ್ನು ಒಟ್ಟಿಗೆ ಎಳೆಯಲಾಗದೆ ಒಂದನ್ನು ಮುಂದಿಟ್ಟು, ಹಿಂದಿರುಗಿ ಇನ್ನೊಂದನ್ನು ತಂದರು. ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡೆಯಬೇಕಾಯಿತು. ಶೀತ ಸೊನ್ನೆಗಿಂತ ಕೆಳಗೆ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯಿತು. ಐದು ಮೊಟ್ಟೆ ಸಿಕ್ಕವು. ಎರಡು ದಾರಿಯಲ್ಲೇ ಒಡೆದವು. ಬಿರುಗಾಳಿ ಡೇರೆಯನ್ನೇ ಹೊತ್ತೊಯ್ದಿತು. ಅದು ಮತ್ತೆ ಸಿಗದಿದ್ದರೆ ಅವರು ಬದುಕುತ್ತಿರಲಿಲ್ಲ. ಆಗಸ್ಟ್ 1ರಂದು ಮೂರು ಮೊಟ್ಟೆಗಳೊಂದಿಗೆ ಮರಳಿದರು.

ಮುಂದಿನ ವರ್ಷ ಸ್ಕಾಟ್ ಜೊತೆ ಧ್ರುವಕ್ಕೆ ಹೋದ ವಿಲ್ಸನ್ ಮತ್ತು ಬವರ್ಸ್ ಹಿಂದಿರುಗುವ ದಾರಿಯಲ್ಲಿ ತೀರಿಕೊಂಡರು. 1912ರ ನವೆಂಬರಿನಲ್ಲಿ ಅವರ ಡೇರೆಯನ್ನು ಕಂಡ ತಂಡದಲ್ಲಿ ಚೆರ್ರಿ ಇದ್ದ. ಆ ತಂಡದೊಂದಿಗೆ ಭಾರತದಿಂದ ಹೋದ ಹೇಸರಗತ್ತೆಗಳೂ ಇದ್ದವು. ಅವುಗಳ ಹೆಸರು ಕೇಳಿ: ಗುಲಾಬ್, ಬೇಗಂ, ಲಾಲ್ ಖಾನ್!

1913ರಲ್ಲಿ ಚೆರ್ರಿ ಒಬ್ಬನೇ ಮೊಟ್ಟೆಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಒಯ್ದ. ಅಲ್ಲಿ ಯಾರೂ ಆದರದಿಂದ ಮಾತನಾಡಿಸಲಿಲ್ಲ, ರಶೀದಿ ಕೇಳಿದ್ದಕ್ಕೆ ಮೊಗಸಾಲೆಯಲ್ಲಿ ಬಹಳ ಹೊತ್ತು ಕಾಯಿಸಿದರು ಎಂದು 1922ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆದರೂ ರಶೀದಿ ಪಡೆಯದೆ ಅವನು ಕದಲಲಿಲ್ಲ.

ಭ್ರೂಣಗಳ ಕುರಿತ ವರದಿ 1934ರಲ್ಲಿ ಪ್ರಕಟವಾಯಿತು. ಇವುಗಳಿಂದ ಹೆಚ್ಚೇನೂ ತಿಳಿಯಲಿಲ್ಲ ಎಂಬುದೇ ಅದರ ಸಾರ. ಅಷ್ಟರಲ್ಲಿ ಆ ಹಳೆಯ ಸಿದ್ಧಾಂತವೂ ಬಿದ್ದುಹೋಗಿತ್ತು.

ಹಾಗಾದರೆ ಅವರ ಕಷ್ಟವೆಲ್ಲ ವ್ಯರ್ಥವೇ? ಉತ್ತರ ಹೇಳುವ ಮೊದಲು ನನ್ನ ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾದರಿಗಳನ್ನು ಆರಿಸುವವರಲ್ಲಿ ನಾನೂ ಒಬ್ಬಳಾಗಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ಕುಂಡಗಳಲ್ಲಿ ಮೆಂತ್ಯ ಹಾಕಿ, ಒಂದಕ್ಕೆ ಅಕ್ಕಿ ತೊಳೆದ ನೀರು, ಇನ್ನೊಂದಕ್ಕೆ ನಲ್ಲಿ ನೀರು ಹಾಕಿದ್ದಳು. ಇಪ್ಪತ್ತು ದಿನ ಅಳತೆ ಬರೆದಿದ್ದಳು. ಕೊನೆಯಲ್ಲಿ, "ವ್ಯತ್ಯಾಸ ಕಾಣಲಿಲ್ಲ" ಎಂದು ಬರೆದಿದ್ದಳು. "ಇದರಲ್ಲಿ ತೋರಿಸುವುದಕ್ಕೆ ಏನಿದೆ ಬೇಟಿ?" ಎಂದು ನೋಟ್‌ಬುಕ್ ಹಿಂದಿರುಗಿಸಿದೆ. ಥರ್ಮಕೋಲ್‌ನ ಜ್ವಾಲಾಮುಖಿಗೆ ಬಹುಮಾನ ಕೊಟ್ಟೆವು. ಈ ಮೊಟ್ಟೆಯ ಕಥೆ ಓದಿದ ಮೇಲೆ ಅವಳನ್ನು ಹುಡುಕಿ ಕೇಳಿದೆ. "ಅದನ್ನು ಅವತ್ತೇ ರದ್ದಿಗೆ ಹಾಕಿದೆ ಟೀಚರ್" ಎಂದಳು. ಚೆರ್ರಿಯನ್ನು ಮೊಗಸಾಲೆಯಲ್ಲಿ ಕಾಯಿಸಿದವರ ಸಾಲಿನಲ್ಲಿ ನಾನೂ ನಿಂತಿದ್ದೆ.

ವಿದ್ಯಾರ್ಥಿಗಳೇ, "ಇಲ್ಲ" ಎಂಬುದೂ ಒಂದು ಉತ್ತರ. ಅದನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದಿಟ್ಟರೆ ಮುಂದಿನವರು ಅದೇ ದಾರಿಯಲ್ಲಿ ಅಲೆಯಬೇಕಾಗಿಲ್ಲ. ಬರೆದಿಟ್ಟದ್ದು ಯಾವಾಗ ಬೇಕಾಗುತ್ತದೆ ಎಂದು ಹೇಳಲಾಗದು. ಬ್ರಿಟನ್ನಿನಲ್ಲಿ ಹವ್ಯಾಸಕ್ಕೆಂದು ಕೂಡಿಟ್ಟ ಬೇಟೆಹಕ್ಕಿಗಳ ಹಳೆಯ ಮೊಟ್ಟೆಗಳ ಮೇಲೆ ಸಿಕ್ಕ ವರ್ಷ ಬರೆದಿತ್ತು. ಅದರಿಂದಲೇ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ, ಡಿಡಿಟಿ ಬಳಕೆಗೆ ಬಂದ ಕಾಲದಿಂದ ಚಿಪ್ಪು ತೆಳುವಾಗಿದೆ ಎಂದು 1967ರಲ್ಲಿ ತೋರಿಸಿದರು.

ರಶೀದಿ ಎಂಬ ಪದ ಉರ್ದುವಿನ ರಸೀದ್. ಅದರ ಮೂಲ ಪಾರ್ಸಿಯ ರಸೀದನ್, ಅಂದರೆ ತಲುಪುವುದು. ಚೆರ್ರಿ ಕೇಳಿದ್ದು ಹೊಗಳಿಕೆಯನ್ನಲ್ಲ, ಬಹುಮಾನವನ್ನಲ್ಲ. ಸತ್ತುಹೋದ ಇಬ್ಬರು ಗೆಳೆಯರ ಶ್ರಮ "ತಲುಪಿತು" ಎಂಬ ಒಂದು ಸಾಲನ್ನು. ನಮ್ಮ ಮಕ್ಕಳೂ ನಮ್ಮಿಂದ ಕೇಳುವುದು ಹೆಚ್ಚಾಗಿ ಅಷ್ಟೇ. ಈ ವರ್ಷದಿಂದ ನನ್ನ ತರಗತಿಯಲ್ಲಿ, ಫಲಿತಾಂಶ ಏನೇ ಬಂದಿರಲಿ, ಪ್ರತಿಯೊಂದು ಪ್ರಯೋಗದ ನೋಟ್‌ಬುಕ್ಕಿಗೂ "ತಲುಪಿತು" ಎಂದು ತಾರೀಖು ಹಾಕಿ ಸಹಿ ಮಾಡುತ್ತಿದ್ದೇನೆ. ಅವುಗಳಿಗಾಗಿ ಕಪಾಟಿನ ಒಂದು ಅರೆಯನ್ನು ಬಿಡಿಸಿಟ್ಟಿದ್ದೇನೆ. ಶಿಕ್ಷಕ ಬಂಧುಗಳೂ ಹೀಗೆ ಮಾಡಬೇಕೆಂದು ವಿನಂತಿಸುತ್ತೇನೆ.