ವಿಮಾನದ ರೇಟು, ಕಾರ್ಖಾನೆಯ ರೇಟು

ಭದ್ರಾವತಿಯ ಎಂಪಿಎಂ 2015ರಲ್ಲೇ ಯಂತ್ರ ನಿಲ್ಲಿಸಿತು. ಸರ್ ಎಂ.ವಿ. ಕಾಲದ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಸೈಲ್ ಹೇಳಿತು. ಮುಂದಿನ ತಿಂಗಳೇ ಪಕ್ಕದ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆ!

ಈಗ ಹೇಳಿ, ನಿವೃತ್ತ ಕಾರ್ಮಿಕನ ಮನೆಗೆ ಎಷ್ಟು? ಮನೆ ಕೈಗೆ ಸಿಗಲಿ ಅಂತ ಬ್ರೋಕರ್ ವಿಮಾನದ ರೇಟು ಹೇಳ್ತಾನೆ, ಕೊಳ್ಳೋನು ಕಾರ್ಖಾನೆಯ ರೇಟು ಕೇಳ್ತಾನೆ. ಕೊಳ್ಳೋರೇ ಕಡಿಮೆ ಇರುವಾಗ ಇಂಥ ಮನೆ ಹಿಡೀಲೇಬಾರದು ಅನ್ನೋ ವಾದವೂ ಇದೆ. ನಾನು ಒಪ್ಪಲ್ಲ. ಹಿಡೀರಿ ಸ್ವಾಮಿ, ಆದ್ರೆ ಮೊದಲ ದಿನವೇ ನಿಜವಾದ ರೇಟು ಹೇಳಿ. ಮಾಲೀಕ ಒಪ್ಪದಿದ್ರೆ ಕೈಮುಗಿದು ಎದ್ದು ಬನ್ನಿ. ದೊಡ್ಡ ಲೇಔಟು ಮಾರುವ ಏಜೆಂಟ್‌ಗೆ ರೇರಾ ನೋಂದಣಿ ಕಡ್ಡಾಯ. ಹಳೇ ಮನೆ ಮಾರಿಸೋನಿಗೆ ಅದೂ ಇಲ್ಲ. ವರ್ಷಗಟ್ಟಲೆ ನೇತಾಡಿದ್ರೆ ಬ್ರೋಕರ್‌ಗೆ ಹೋಗೋದು ಒಂದು ಬೋರ್ಡಿನ ಖರ್ಚು. ಮನೆಯಾತನಿಗೆ ಸಾಲದ ಬಡ್ಡಿ, ಖಾಲಿ ಮನೆಯ ಕಂದಾಯ, ಮುಂದಕ್ಕೆ ಹೋದ ಮಗಳ ಮದುವೆ.